ಯಜಮಾನರ ನಂಬರು

ಹಳೆಯ ಪೇಪರುಗಳನ್ನು ಕಟ್ಟಿಡಲು ಕೂತಾಗ ಆ ನೋಟ್‌ಬುಕ್ ಕೈಗೆ ಸಿಕ್ಕಿತು. ನೂರು ಪುಟದ್ದು. ರಟ್ಟಿನ ಮೇಲೆ ನವಿಲಿನ ಚಿತ್ರ, ನವಿಲಿನ ಕೆಳಗೆ ನನ್ನದೇ ದುಂಡಗಿನ ಅಕ್ಷರದಲ್ಲಿ 'ಖಾಸಗಿ' ಎಂಬ ಪದ. ಹಾಗೆ ಬರೆದು, ಅದನ್ನು ಗ್ರಂಥಾಲಯದ ಕೌಂಟರಿನ ಮೇಲೆ ಯಾರು ಬೇಕಾದರೂ ಕೈಚಾಚಿ ತೆಗೆದುಕೊಳ್ಳುವ ಹಾಗೆ ಇಟ್ಟುಕೊಂಡಿದ್ದ ಬುದ್ಧಿವಂತೆ ನಾನು. ನಿವೃತ್ತಳಾದ ದಿನ ಊಟದ ಡಬ್ಬಿ, ಚಪ್ಪಲಿ, ಛತ್ರಿಯ ಜೊತೆ ಅದೂ ಮನೆಗೆ ಬಂದುಬಿಟ್ಟಿತ್ತು. ಅದರೊಳಗೆ ಇರುವುದು ಕೃಷ್ಣಮೂರ್ತಿಪುರಂನ ಅರ್ಧ ಜನರ ಪಾಸ್‌ವರ್ಡು.

ಹೆದರಬೇಡಿ, ನಾನು ಕಳ್ಳಿಯಲ್ಲ. ನಮ್ಮ ಗ್ರಂಥಾಲಯದ ಪುಸ್ತಕಗಳನ್ನು ಮನೆಯಲ್ಲೇ ಕೂತು ಫೋನಿನಲ್ಲಿ ಓದಬಹುದು ಎಂದಾದಾಗ ಪ್ರತಿಯೊಬ್ಬ ಓದುಗರಿಗೂ ಒಂದು ಖಾತೆ, ಖಾತೆಗೊಂದು ಪಾಸ್‌ವರ್ಡು ಕೊಟ್ಟರು. ಕೊಟ್ಟ ಮೂರನೇ ದಿನಕ್ಕೆ ಎಲ್ಲರೂ ಅದನ್ನು ಮರೆತರು. 'ನೀವೇ ಒಂದು ಕಡೆ ಬರ್ದಿಟ್ಕೊಂಬುಡಿ ಮೇಡಂ' ಎಂದು ಸಾಲಾಗಿ ಬಂದು ಹೇಳಿದರು. ಬರೆದಿಟ್ಟುಕೊಂಡೆ. ಒಂದು ತಾಲ್ಲೂಕನ್ನೇ ಗಡಗಡ ನಡುಗಿಸಿದ್ದೆ ಎಂದು ಹೇಳಿಕೊಳ್ಳುತ್ತಿದ್ದ ನಿವೃತ್ತ ತಹಶೀಲ್ದಾರರೊಬ್ಬರ ಪಾಸ್‌ವರ್ಡು 'ಚಿನ್ನುಮರಿ'. ಅವರಿಗೆ ಕಿವಿ ಮಂದ, ಆದ್ದರಿಂದ ನಾನದನ್ನು ಇಡೀ ಓದುವ ಕೋಣೆಗೆ ಕೇಳುವಂತೆ ಕೂಗಿ ಹೇಳಬೇಕಾಗುತ್ತಿತ್ತು. ಇನ್ನೊಬ್ಬ ಅಜ್ಜಿ, ಸೊಸೆಯ ಜೊತೆ ಮಾತು ಬಿಟ್ಟಾಗಲೆಲ್ಲ ಪಾಸ್‌ವರ್ಡು ಬದಲಾಯಿಸುತ್ತಿದ್ದರು. ಸೊಸೆಯ ಹೆಸರು ಹೊಡೆದು ಮಗಳ ಹೆಸರು, ಮಗಳ ಹೆಸರು ಹೊಡೆದು ಮತ್ತೆ ಸೊಸೆಯದು. ಆ ಪುಟ ನೋಡಿದರೆ ಆ ಮನೆಯಲ್ಲಿ ಯಾವ ತಿಂಗಳು ಏನಾಯಿತೆಂದು ಈಗಲೂ ಹೇಳಬಲ್ಲೆ. ಸತ್ತುಹೋದ ನಾಯಿಯ ಹೆಸರಿಟ್ಟುಕೊಂಡಿದ್ದ ಒಬ್ಬರು ಪ್ರತಿ ಶನಿವಾರ ಬಂದು ಕೇಳುತ್ತಿದ್ದರು. 'ನಿಮ್ಮ ನಾಯಿ ಹೆಸರು ಸಾರ್, ರಾಜು' ಅಂದರೆ 'ಹೌದಲ್ವಾ' ಎಂದು ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತು, ಏನೂ ಓದದೆ ಎದ್ದು ಹೋಗುತ್ತಿದ್ದರು.

ಈಗ ಆ ತಾಪತ್ರಯವೇ ಇಲ್ಲ. ಹೋದ ವರ್ಷ ಎಲ್ಲ ಓದುಗರ ಫೋನಿಗೂ ಒಂದು ಸಂದೇಶ ಬಂತು. ಇನ್ನು ಮುಂದೆ ಪಾಸ್‌ವರ್ಡು ಬೇಕಿಲ್ಲ, ನಿಮ್ಮ ಸದಸ್ಯತ್ವದ ಸಂಖ್ಯೆ ಹಾಕಿ, ನಿಮ್ಮ ಫೋನಿಗೆ ಬರುವ ಆರು ಅಂಕಿಯ ಕೋಡನ್ನು ಒತ್ತಿ, ಒಳಗೆ ಬನ್ನಿ, ಅಷ್ಟೆ. ಕೊನೆಯಲ್ಲಿ ಕೈಮುಗಿದಿರುವ ಎರಡು ಹಳದಿ ಕೈಗಳು. ಜನ ಹಾಲು ಕುಡಿದಷ್ಟು ಸಂತೋಷಪಟ್ಟರು. ಬೆಳಗಿನ ವಾಕಿಂಗಿನಲ್ಲಿ ಸಿಕ್ಕ ತಹಶೀಲ್ದಾರರು 'ಈಗ ಎಷ್ಟು ಸಲೀಸು ನೋಡಿ' ಅಂದರು. ನಾನೂ ಹೌದು ಸಾರ್ ಅಂದೆ. ಯಾರಿಗೆ ಸಲೀಸು ಎಂದು ಕೇಳುವ ಬುದ್ಧಿ ಅವತ್ತು ನನಗೆ ಬರಲಿಲ್ಲ.

ಈ ನವಿಲಿನ ನೋಟ್‌ಬುಕ್ಕಿನಲ್ಲಿ ಒಬ್ಬರ ಹೆಸರಿನ ಮುಂದಿನ ಜಾಗ ಮಾತ್ರ ಖಾಲಿ ಇದೆ. ಮಾದೇವಮ್ಮ, ಶ್ರೀರಾಂಪುರ. ಅದನ್ನು ನೋಡಿದರೆ ಈಗಲೂ ಬಾಯಿ ಕಹಿಯಾಗುತ್ತದೆ. ಆ ಕಹಿಯಲ್ಲಿ ನನ್ನ ಪಾಲೆಷ್ಟು ಎಂಬುದನ್ನು ಹೇಳಿಬಿಡೋಣವೆಂದೇ ಇದನ್ನು ಬರೆಯಲು ಕೂತಿದ್ದೇನೆ, ಆದರೆ ನನ್ನ ಬುದ್ಧಿ ನನಗೆ ಗೊತ್ತು, ಊರೆಲ್ಲ ಸುತ್ತಿಯೇ ಅಲ್ಲಿಗೆ ಬರುತ್ತೇನೆ.

ನಾನು ಬೆಳೆದದ್ದು ಅಗ್ರಹಾರದ ಒಂದು ವಠಾರದಲ್ಲಿ. ಅಪ್ಪ ಬಸ್ ಡ್ರೈವರು. ಎರಡು ಕೋಣೆಯಲ್ಲಿ ಏಳು ಜನ. ಐದು ಸಂಸಾರಕ್ಕೆ ಸೇರಿ ಒಂದು ಬಚ್ಚಲಮನೆ, ಅದಕ್ಕೆ ಚಿಲಕವಿಲ್ಲ. ಬಾಗಿಲ ಮೇಲೆ ಟವೆಲ್ ನೇತಾಡುತ್ತಿದ್ದರೆ ಒಳಗೆ ಯಾರೋ ಇದ್ದಾರೆ ಎಂದರ್ಥ. ಯಾರ ಟವೆಲ್ ಎಂಬುದರಿಂದ ಯಾರು ಎಂದೂ, ಎಷ್ಟು ಹೊತ್ತಾಯಿತು ಎಂಬುದರಿಂದ ಏನು ಮಾಡುತ್ತಿದ್ದಾರೆ ಎಂದೂ ಎಲ್ಲರಿಗೂ ತಿಳಿಯುತ್ತಿತ್ತು. ನನ್ನಮ್ಮನಿಗೆ ಓದು ಬರುತ್ತಿರಲಿಲ್ಲ. ತವರಿನಿಂದ ಬಂದ ಕಾಗದವನ್ನು ಮೂರನೇ ಮನೆಯ ಪೋಸ್ಟಾಫೀಸಿನ ಗುಮಾಸ್ತರು ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದರು. ಅಜ್ಜಿಯ ಮೂಲವ್ಯಾಧಿಯಿಂದ ಹಿಡಿದು ಚಿಕ್ಕಮ್ಮನ ಗಂಡ ಮನೆಬಿಟ್ಟು ಹೋದದ್ದರ ತನಕ ಎಲ್ಲವನ್ನೂ ವಠಾರವೇ ಕೇಳಿ, ವಠಾರವೇ ಅಯ್ಯೋ ಪಾಪ ಅನ್ನುತ್ತಿತ್ತು. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದಳು. ಅವಳಿಗೆ ಅಳು ಬಂದರೆ ಅದನ್ನೂ ಅಲ್ಲೇ, ಎಲ್ಲರ ಮುಂದೆಯೇ ಅತ್ತು ಮುಗಿಸಬೇಕಿತ್ತು.

ಇಂಥ ಕಡೆ ಬೆಳೆದವಳಿಗೆ ಚಿಲಕದ ಬೆಲೆ ಗೊತ್ತಿರಬೇಕಲ್ಲವೇ? ಗೊತ್ತಿರಲಿಲ್ಲ. ಆ ವಠಾರದಲ್ಲಿ ಎಷ್ಟು ಅನ್ಯೋನ್ಯತೆ ಇತ್ತು ಎಂದು ಮೊಮ್ಮಕ್ಕಳ ಮುಂದೆ ಭಾಷಣ ಬಿಗಿಯುವ ಮುದುಕಿಯರಲ್ಲಿ ನಾನೂ ಒಬ್ಬಳು.

ಮಾದೇವಮ್ಮ ನಮ್ಮ ಗ್ರಂಥಾಲಯಕ್ಕೆ ಮೊದಲು ಬಂದಾಗ ಅವರಿಗೆ ಐವತ್ತು ದಾಟಿತ್ತು. ವರುಣದ ಕಡೆಯ ಹಳ್ಳಿಯವರು. ಹತ್ತನೇ ತರಗತಿಗೇ ಓದು ನಿಲ್ಲಿಸಿ ಮದುವೆ ಮಾಡಿದ್ದರು. ಗಂಡ ಪುಟ್ಟಸ್ವಾಮಿಯವರು ಹೈಸ್ಕೂಲಿನ ನಿವೃತ್ತ ಹೆಡ್‌ಮೇಷ್ಟ್ರು. ಒಬ್ಬಳೇ ಮಗಳು, ಮದುವೆಯಾಗಿ ನಂಜನಗೂಡಿನಲ್ಲಿದ್ದಾಳೆ. ಹೆಡ್‌ಮೇಷ್ಟ್ರ ಮನೆಯಲ್ಲಿ ಪುಸ್ತಕವಿಲ್ಲವೇ ಎಂದು ನಾನು ಕೇಳಿದೆ. 'ಅವೆ ಕಣಕ್ಕ, ಗಾಜಿನ ಬೀರು ತುಂಬ ಅವೆ. ಬೀಗದಕೈ ಅವರತ್ರ ಇರ್ತದೆ' ಅಂದರು. ದೂರುವ ದನಿಯಲ್ಲಲ್ಲ, ಅಕ್ಕಿ ಡಬ್ಬ ಎಲ್ಲಿದೆ ಎಂದು ಹೇಳುವ ಹಾಗೆ ಹೇಳಿದರು.

ಪುಟ್ಟಸ್ವಾಮಿಯವರನ್ನು ನೀವು ರಾಕ್ಷಸ ಎಂದುಕೊಂಡರೆ ತಪ್ಪು. ಅವರು ಹೆಂಡತಿಯ ಮೇಲೆ ಕೈಯೆತ್ತಿದವರಲ್ಲ. ನಗುನಗುತ್ತಾ ಮಾತಾಡುವ, ಬಂದವರಿಗೆ ಕಾಫಿ ಕೊಡದೆ ಕಳಿಸದ, ಬಡಾವಣೆಯ ಸಂಘದ ಸಭೆಗಳಲ್ಲಿ ಸ್ವಾಗತ ಭಾಷಣ ಮಾಡುವ ಮನುಷ್ಯ. ಅವರ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ಮಾದೇವಮ್ಮ ಒಂದು ಮಂಗಳವಾರ ಹೇಳಿದ್ದರು. ಮಗಳು ಮದುವೆಯಾಗಿ ಹೋದ ಹೊಸದರಲ್ಲಿ ಮನೆಯಲ್ಲಿ ಮಾತಿಗೆ ಯಾರೂ ಇಲ್ಲದೆ, ಮಗಳು ಬಿಟ್ಟುಹೋಗಿದ್ದ ಒಂದು ಹಾಳೆಪುಸ್ತಕದಲ್ಲಿ ಇವರು ದಿನಾ ನಾಲ್ಕು ಸಾಲು ಬರೆಯತೊಡಗಿದರಂತೆ. ರಾಗಿಹಿಟ್ಟಿನ ಡ್ರಮ್ಮಿನ ಹಿಂದೆ ಬಚ್ಚಿಟ್ಟಿದ್ದರು. ಒಂದು ತಿಂಗಳಾದ ಮೇಲೆ ತೆಗೆದು ನೋಡಿದರೆ ಪ್ರತಿ ಪುಟದಲ್ಲೂ ಕೆಂಪು ಶಾಯಿಯ ತಿದ್ದುಪಡಿ. ಕೊನೆಯ ಪುಟದಲ್ಲಿ 'ಪರವಾಗಿಲ್ಲ. ಅಕ್ಷರ ಇನ್ನೂ ದುಂಡಗಾಗಬೇಕು' ಎಂಬ ಷರಾ, ಅದರ ಕೆಳಗೆ ಸಹಿ.

'ಆಮೇಲೆ?' ಎಂದು ನಾನು ಕೇಳಿದ್ದೆ.

'ಆಮೇಲೇನು, ಒಲೆಗಾಕ್ಬುಟ್ಟೆ' ಅಂದು ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ನಮ್ಮವರಿಗೂ ಹೇಳಿ ಇಬ್ಬರೂ ಕೂತು ಇನ್ನೊಂದು ಸಲ ನಕ್ಕೆವು. ಈಗ ಅದನ್ನು ನೆನೆಸಿಕೊಂಡರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಫೋನಿನಲ್ಲಿ ಓದುವ ವ್ಯವಸ್ಥೆ ಬಂದಾಗ ಅದನ್ನು ಮಾದೇವಮ್ಮನಷ್ಟು ಬಾಚಿಕೊಂಡವರು ಬೇರೆ ಯಾರೂ ಇಲ್ಲ. ಪಾಸ್‌ವರ್ಡು ಇಡುವ ದಿನ ಕೌಂಟರಿನ ಕಂಪ್ಯೂಟರಿನ ಮುಂದೆ ಕೂತು, ಎಡಗೈಯಲ್ಲಿ ಸೆರಗನ್ನು ಕೀಲಿಮಣೆಗೆ ಅಡ್ಡ ಹಿಡಿದು, ಬಲಗೈಯ ಒಂದೇ ಬೆರಳಿನಲ್ಲಿ ಒಂದೊಂದಾಗಿ ಒತ್ತಿದರು. ನಾನು ನವಿಲಿನ ನೋಟ್‌ಬುಕ್ ತೆಗೆದು 'ಹೇಳಿ, ಬರ್ಕೋತೀನಿ, ಮರೆತ್ಬುಡ್ತೀರಿ' ಅಂದೆ. 'ಮರೆಯಾಕಿಲ್ಲ ಕಣಕ್ಕ' ಅಂದರು. ನಿಜ, ಮೂರು ವರ್ಷದಲ್ಲಿ ಒಂದು ಸಲವೂ ಮರೆಯಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಇಷ್ಟು ಬಿಗಿ ಯಾತಕ್ಕೋ, ಇವರೇನು ಬ್ಯಾಂಕಿನ ತಿಜೋರಿ ಕಾಯುತ್ತಿದ್ದಾರೋ ಎಂದು ನನಗೆ ಒಳಗೊಳಗೇ ಸ್ವಲ್ಪ ಸಿಟ್ಟೂ ಬಂದಿತ್ತು.

ಆ ವ್ಯವಸ್ಥೆಯಲ್ಲಿ ಒಂದು ಸೌಲಭ್ಯವಿತ್ತು. ಓದುವಾಗ ಯಾವುದಾದರೂ ಸಾಲಿನ ಮೇಲೆ ಬೆರಳು ಒತ್ತಿ ಹಿಡಿದರೆ ಪಕ್ಕದಲ್ಲಿ ಒಂದು ಸಣ್ಣ ಹಳದಿ ಚೌಕ ತೆರೆಯುತ್ತಿತ್ತು. ಅದರಲ್ಲಿ ನಮಗೆ ತೋಚಿದ್ದನ್ನು ಟಿಪ್ಪಣಿಯಾಗಿ ಬರೆದಿಡಬಹುದು. ಪರೀಕ್ಷೆಗೆ ಓದುವ ಹುಡುಗರಿಗೆಂದು ಮಾಡಿದ್ದು. ಮಾದೇವಮ್ಮ ಅದನ್ನು ತಾವಾಗಿಯೇ ಕಂಡುಹಿಡಿದು ಬಂದು ಕೇಳಿದರು.

'ಅಕ್ಕ, ಇದ್ರಲ್ಲಿ ಬರ್ದ್ರೆ ಬೇರೇರಿಗೆ ಕಾಣ್ತದಾ?'

'ಇಲ್ಲ ಕಣಮ್ಮ. ನಿಮ್ಮ ಪಾಸ್‌ವರ್ಡ್ ಹಾಕಿದ್ರೆ ಮಾತ್ರ ಕಾಣುತ್ತೆ.'

'ನಿಮಗೂವೆ ಕಾಣಾಕಿಲ್ವಾ?'

'ನನಗೂ ಕಾಣಲ್ಲ, ನಮ್ಮ ಮೇಲಿನೋರಿಗೂ ಕಾಣಲ್ಲ.'

ಅಷ್ಟು ಖಡಾಖಂಡಿತವಾಗಿ ಹೇಳಿದ್ದೆ. ಸರ್ಕಾರಿ ಮೊಹರು ಒತ್ತಿದ ಹಾಗೆ.

ಇನ್ನು ನನ್ನ ಪಾಲಿನ ಕಥೆ. ಸದಸ್ಯತ್ವದ ಫಾರಂ ತುಂಬಿಸುವುದು ನನ್ನ ಕೆಲಸವಾಗಿತ್ತು. ಹೆಂಗಸರು ಬಂದರೆ ಬಹಳ ಮಂದಿ 'ನೀವೇ ತುಂಬ್ಕೊಂಬುಡಿ' ಎಂದು ಎದುರು ಕುರ್ಚಿಯಲ್ಲಿ ಕೂರುತ್ತಿದ್ದರು. ನಾನು ಕೇಳುತ್ತಾ ಹೋಗುತ್ತಿದ್ದೆ, ಅವರು ಹೇಳುತ್ತಾ ಹೋಗುತ್ತಿದ್ದರು. ಹೆಸರು, ತಂದೆ ಅಥವಾ ಗಂಡನ ಹೆಸರು, ವಿಳಾಸ. ಆಮೇಲೆ ಫೋನ್ ನಂಬರಿನ ಅಂಕಣ. ಅಲ್ಲಿ ನಾನು ಕೇಳುತ್ತಿದ್ದದ್ದು 'ಯಜಮಾನ್ರ ನಂಬರ್ ಹೇಳಿ' ಎಂದು. ಇದಕ್ಕೆ ನನ್ನ ಹತ್ತಿರ ಕಾರಣವೂ ಇತ್ತು. ತೆಗೆದುಕೊಂಡು ಹೋದ ಪುಸ್ತಕ ವಾಪಸು ಬಾರದಿದ್ದಾಗ ಹೆಂಗಸರ ನಂಬರಿಗೆ ಫೋನು ಮಾಡಿದರೆ ಎತ್ತುತ್ತಿರಲಿಲ್ಲ, ಇಲ್ಲವೇ ಮಗು ಎತ್ತಿ ಹಲೋ ಹಲೋ ಎಂದು ಆಟವಾಡುತ್ತಿತ್ತು. ಗಂಡನಿಗೆ ಮಾಡಿದರೆ ಸಂಜೆಯೊಳಗೆ ಪುಸ್ತಕ ಬರುತ್ತಿತ್ತು. ಹಾಗಾಗಿ ನಮ್ಮ ಕೌಂಟರಿನಲ್ಲಿ ಅದೇ ರೂಢಿಯಾಯಿತು. ಗಂಡಸರು ಬಂದಾಗ ನಿಮ್ಮ ಹೆಂಡತಿಯ ನಂಬರು ಹೇಳಿ ಎಂದು ನಾನು ಒಂದು ದಿನವಾದರೂ ಕೇಳಿದ್ದುಂಟೇ? ನನ್ನ ಮನೆಯ ಗ್ಯಾಸಿನ ಪುಸ್ತಕದಲ್ಲೂ ನಮ್ಮವರದೇ ನಂಬರು. ಸಿಲಿಂಡರು ಬಂದ ಸುದ್ದಿ ಅವರಿಗೆ ಆಫೀಸಿನಲ್ಲಿ ತಿಳಿದು, ಅವರು ಮರೆತು, ನಾನು ಪಕ್ಕದ ಮನೆಯಲ್ಲಿ ಅಡುಗೆ ಮಾಡಿಕೊಂಡ ದಿನಗಳಿವೆ. ಅದರಿಂದಲೂ ನನಗೆ ಬುದ್ಧಿ ಬರಲಿಲ್ಲ.

ಪಾಸ್‌ವರ್ಡು ಇರುವ ತನಕ ಆ ಅಂಕಣದಲ್ಲಿ ಯಾರ ನಂಬರಿದ್ದರೂ ನಡೆಯುತ್ತಿತ್ತು. ಅದನ್ನು ತೆಗೆದ ದಿನ, ಪ್ರತಿ ಖಾತೆಯೂ ಫಾರಂನಲ್ಲಿ ಬರೆದಿದ್ದ ನಂಬರಿಗೆ ತಾನಾಗಿ ಗಂಟುಬಿತ್ತು.

ಅವತ್ತು ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಸೊಪ್ಪು ಬಿಡಿಸುತ್ತಾ ಓದೋಣವೆಂದು ಮಾದೇವಮ್ಮ ಫೋನು ತೆರೆದರೆ ಅದು ಪಾಸ್‌ವರ್ಡನ್ನೇ ಕೇಳಲಿಲ್ಲ. ಸದಸ್ಯತ್ವದ ಸಂಖ್ಯೆ ಹಾಕಿದೊಡನೆ 'ನಿಮ್ಮ ನೋಂದಾಯಿತ ಮೊಬೈಲಿಗೆ ಕೋಡ್ ಕಳಿಸಲಾಗಿದೆ' ಎಂದಿತು. ಇವರು ಕಾಯುತ್ತಾ ಕೂತರು. ಅತ್ತ ವರಾಂಡದಲ್ಲಿ ಪುಟ್ಟಸ್ವಾಮಿಯವರ ಜೇಬಿನಲ್ಲಿ ಫೋನು ಕುಂಯ್ ಅಂದಿತು. ಅವರು ಮೊದಲು ಹೆದರಿದರಂತೆ. ಯಾರೋ ಬ್ಯಾಂಕಿನ ಕಳ್ಳರು ಎಂದು ಪಕ್ಕದ ಮನೆಯವರನ್ನೂ ಕೂಗಿ ಕರೆದರಂತೆ. ಪೊಲೀಸಿಗೆ ಫೋನು ಮಾಡುತ್ತೇನೆ ಎಂದಾಗ ಮಾದೇವಮ್ಮ ಸೊಪ್ಪಿನ ಕೈಯಲ್ಲೇ ಹೊರಗೆ ಬಂದು 'ಅದು ನಂದು, ಲೈಬ್ರರೀದು' ಎಂದು ಹೇಳಬೇಕಾಯಿತು.

'ಅಷ್ಟೇನಾ!' ಎಂದು ಅವರು ಜೋರಾಗಿ ನಕ್ಕರು. ಹೆಂಡತಿ ಏನು ಓದುತ್ತಾಳೆ ನೋಡೋಣವೆಂದು ತಮ್ಮ ಫೋನಿನಲ್ಲೇ ಅವಳ ಸದಸ್ಯತ್ವದ ಸಂಖ್ಯೆ ಹಾಕಿ, ಬಂದ ಕೋಡು ಒತ್ತಿ ಒಳಗೆ ಹೋದರು. ಯಾರೂ ಅವರನ್ನು ತಡೆಯಲಿಲ್ಲ. ನಂಬರು ಅವರದು, ಕೋಡು ಬಂದದ್ದು ಅವರಿಗೆ.

ಅದಾದ ಭಾನುವಾರ ನಂಜನಗೂಡಿನಿಂದ ಬೀಗರು ಊಟಕ್ಕೆ ಬಂದಿದ್ದರು. ಎಲೆಯ ಮುಂದೆ ಕೂತಾಗ ಪುಟ್ಟಸ್ವಾಮಿಯವರು ಕನ್ನಡಕ ಏರಿಸಿ 'ನಮ್ಮನೇಲಿ ಒಬ್ಬ ಸಾಹಿತಿ ಇದ್ದಾರೆ, ಗೊತ್ತಾ ನಿಮಗೆ' ಎಂದು ಶುರು ಮಾಡಿದರು. ಒಂದು ಕಾದಂಬರಿಯಲ್ಲಿ ಹೆಂಗಸೊಬ್ಬಳು ಗಿಡಗಳ ಜೊತೆ ಮಾತಾಡುತ್ತಾಳೆ. ಅಲ್ಲಿ ಮಾದೇವಮ್ಮ 'ಇವಳಿಗಾದರೂ ಗಿಡ ಕೇಳಿಸಿಕೊಳ್ಳುತ್ತದೆ' ಎಂದು ಬರೆದಿದ್ದರಂತೆ. ಅದನ್ನು ಓದಿ, 'ನಮ್ಮ ತಾರಸಿ ಮೇಲೆ ಹನ್ನೆರಡು ಕುಂಡ ಇದೆ ಕಣ್ರೀ, ಹೋಗಿ ಎಷ್ಟು ಬೇಕಾದ್ರೂ ಮಾತಾಡ್ಲಿ' ಅಂದರು. ಇನ್ನೊಂದು ಕಡೆ ಗಂಡ ಹೆಂಡತಿಯನ್ನು ಹೆಸರು ಹಿಡಿದು ಕರೆಯುತ್ತಾನೆ. ಅಲ್ಲಿ 'ನನ್ನ ಹೆಸರು ಈ ಮನೆಯಲ್ಲಿ ರೇಷನ್ ಕಾರ್ಡಿಗೆ ಮಾತ್ರ ಗೊತ್ತು' ಎಂದಿತ್ತು. ಅದನ್ನು ಅಭಿನಯದ ಸಮೇತ ಓದಿದರು. ಬೀಗರು ಮರ್ಯಾದೆಗೆ ನಕ್ಕರು. ಮಗಳು ತಲೆ ಎತ್ತದೆ ಎಲ್ಲರಿಗೂ ಎರಡನೇ ಸಲ ಹುಳಿ ಬಡಿಸಿದಳು. ಮಾದೇವಮ್ಮ ಅಡುಗೆಮನೆಯ ಬಾಗಿಲಲ್ಲಿ ಹಪ್ಪಳದ ತಟ್ಟೆ ಹಿಡಿದು ನಿಂತಿದ್ದರು.

ಮಾರನೇ ದಿನ ಮಧ್ಯಾಹ್ನ ಅವರು ನಮ್ಮ ಮನೆಗೆ ಬಂದರು. ಮಾದೇವಮ್ಮ ಯಾವತ್ತೂ ಫೋನು ಮಾಡಿ ಬಂದವರಲ್ಲ. ಬರುತ್ತಾರೆ, ಬಾಗಿಲಲ್ಲಿ ನಿಂತು 'ಅಕ್ಕ' ಅನ್ನುತ್ತಾರೆ, ಅಷ್ಟೆ. ಅವತ್ತು ನೀರು ಕೊಟ್ಟರೂ ಕುಡಿಯಲಿಲ್ಲ.

'ಅಕ್ಕ, ಅದನ್ನ ಅಳಿಸ್ಬೇಕು. ಅವರು ಇನ್ನೂ ಅರ್ಧಾನೂ ಓದಿಲ್ಲ. ದಿನಾ ಊಟ ಆದ್ಮೇಲೆ ಒಂದೊಂದು ಓದ್ತಾ ಕೂರ್ತಾರೆ. ಓದಿ ಓದಿ ನಗ್ತಾರೆ.'

'ನಕ್ಕರೆ ನಗಲಿ ಬಿಡಿ. ಅದರಲ್ಲಿ ಅಂಥದ್ದೇನಿದೆ' ಅಂದೆ ನಾನು, ಸಮಾಧಾನ ಮಾಡುವವಳ ಹಾಗೆ.

ಅವರು ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ 'ಕೂಸಿಂದು ಅದೆ' ಅಂದರು.

ಮಗಳಿಗಿಂತ ಮೊದಲು ಅವರಿಗೆ ಒಂದು ಗಂಡುಮಗು ಹುಟ್ಟಿ ಹನ್ನೊಂದು ದಿನ ಬದುಕಿತ್ತಂತೆ. ಹೆಸರಿಡುವ ಮೊದಲೇ ಹೋಯಿತು. ಮನೆಯಲ್ಲಿ ಅದರ ಮಾತನ್ನು ಯಾರೂ ಎತ್ತಬಾರದು ಎಂದು ಅತ್ತೆ ಹೇಳಿದ್ದರು, ಎತ್ತಲಿಲ್ಲ. ಮೂವತ್ತು ಚಿಲ್ಲರೆ ವರ್ಷ ಹಾಗೇ ನಡೆಯಿತು. ನಮ್ಮ ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ಒಂದು ಚಿತ್ರದ ಪುಸ್ತಕವಿದೆ, ಆನೆಮರಿ ಕಾಡೆಲ್ಲ ಸುತ್ತಿ ಬರುವ ಕಥೆ, ಒಟ್ಟು ಇಪ್ಪತ್ತನಾಲ್ಕು ಪುಟ. ಮಾದೇವಮ್ಮ ಅದರ ಒಂದೊಂದು ಪುಟದಲ್ಲೂ ಆ ಮಗುವಿಗೆ ಬರೆದಿದ್ದರು. ಒಂದು ವರ್ಷ ಹಿಡಿಯಿತಂತೆ. ಅದಕ್ಕೊಂದು ಹೆಸರನ್ನೂ ಇಟ್ಟಿದ್ದರು. ಏನು ಹೆಸರು ಎಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಮಕ್ಕಳ ಪುಸ್ತಕವಲ್ಲವೇ, ಪುಟ್ಟಸ್ವಾಮಿಯವರು ಇನ್ನೂ ಅದನ್ನು ತೆರೆದಿರಲಿಲ್ಲ.

'ಅದನ್ನ ಅವರು ಬೀಗರ ಮುಂದೆ ಓದ್ಬುಟ್ರೆ ನಾನು ಬದ್ಕಾಕಿಲ್ಲ ಕಣಕ್ಕ' ಅಂದರು. ಅಳಲಿಲ್ಲ. ಅತ್ತಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ನಾನು ತಕ್ಷಣ ಗ್ರಂಥಾಲಯಕ್ಕೆ ಫೋನು ಮಾಡಿದೆ. ನನ್ನ ಜಾಗದಲ್ಲಿ ಈಗ ಇರುವ ಹುಡುಗಿ ತುಂಬಾ ವಿನಯವಂತೆ.

'ನಂಬರ್ ಬದಲಾಯಿಸಬಹುದು ಮೇಡಂ. ಹಳೇ ನಂಬರಿಗೆ ಒಂದು ಕೋಡ್ ಹೋಗುತ್ತೆ, ಅದನ್ನ ಹಾಕಿದ್ರೆ ಆಯ್ತು.'

'ಬೇರೆ ಖಾತೆ ತೆರೆದರೆ?'

'ಒಬ್ಬರಿಗೆ ಒಂದೇ ಮೇಡಂ. ಹಳೇದು ಮುಚ್ಚಬೇಕು. ಮುಚ್ಚೋಕೆ ಹಳೇ ನಂಬರಿಗೆ ಒಂದು ಕೋಡ್ ಹೋಗುತ್ತೆ.'

'ಕಾಗದದಲ್ಲಿ ಅರ್ಜಿ ಕೊಟ್ಟರೆ?'

'ಕೊಡಬಹುದು. ನಂಬರ್ ಯಾರ ಹೆಸರಲ್ಲಿದೆಯೋ ಅವರ ಸಹಿ ಬೇಕು.'

'ಹೋಗಲಿ, ಆ ಟಿಪ್ಪಣಿ ಅಷ್ಟನ್ನು ನೀನೇ ಅಳಿಸಿಬಿಡಮ್ಮ.'

'ಅಯ್ಯೋ, ಅದು ನಮಗೆ ಕಾಣೋದೇ ಇಲ್ಲ ಮೇಡಂ. ಅದು ಓದುಗರ ಖಾಸಗಿ ವಿಷಯ' ಅಂದಳು. ಆಮೇಲೆ ದನಿ ತಗ್ಗಿಸಿ 'ಫಾರಂನಲ್ಲಿ ಹೆಂಗಸರಿಗೆಲ್ಲ ಗಂಡಂದಿರ ನಂಬರ್ ಯಾರು ಬರೆದಿಟ್ರೋ ಏನೋ, ಇಂಥ ಕೇಸು ದಿನಾ ಬರ್ತಿವೆ' ಅಂದಳು.

'ಯಾರೋ ಹಳಬರಿರಬೇಕಮ್ಮ' ಎಂದು ನಾನು ಫೋನಿಟ್ಟೆ.

ಎದುರಿಗೇ ಕೂತಿದ್ದ ಮಾದೇವಮ್ಮ 'ಏನಂತೆ?' ಅಂದರು. 'ಕಂಪ್ಯೂಟರಿಂದು ಎಡವಟ್ಟು ಕಣಮ್ಮ. ಅದೇ ಎಲ್ಲರಿಗೂ ಹೀಗೆ ಮಾಡಿಟ್ಟಿದೆ' ಅಂದೆ. ಇಪ್ಪತ್ತಾರು ವರ್ಷ ಗ್ರಂಥಾಲಯದಲ್ಲಿ ದುಡಿದವಳು ಎಷ್ಟು ಸರಾಗವಾಗಿ ಸುಳ್ಳು ಹೇಳಬಲ್ಲಳು ನೋಡಿ. ಮಾದೇವಮ್ಮ ತಲೆಯಾಡಿಸಿದರು. ಫಾರಂ ತುಂಬಿದ ದಿನ ಅವರ ಹತ್ತಿರ ಸ್ವಂತ ಫೋನು ಇದ್ದಿರಲಾರದು, ಇಲ್ಲದ ನಂಬರನ್ನು ನಾನು ಎಲ್ಲಿಂದ ತರಲಿ ಎಂದು ಒಳಗೊಳಗೇ ಒಂದು ವಕಾಲತ್ತನ್ನೂ ಸಿದ್ಧಮಾಡಿಟ್ಟುಕೊಂಡೆ.

ಬುಧವಾರ ಇಬ್ಬರೂ ಮಾತಾಡಿಕೊಂಡ ಹಾಗೆ ಅವರ ಮನೆಗೆ ಹೋದೆ. ನಾನು ಎದುರಿಗಿದ್ದರೆ ಪುಟ್ಟಸ್ವಾಮಿಯವರು ಕೋಡು ಕೊಟ್ಟು ಸುಮ್ಮನಿರುತ್ತಾರೆ, ಇವರು ಒಳಕೋಣೆಗೆ ಹೋಗಿ ಮಗುವಿನ ಇಪ್ಪತ್ತನಾಲ್ಕು ಪುಟವನ್ನು ಒಂದು ಕಾಗದಕ್ಕೆ ಇಳಿಸಿಕೊಂಡು, ಆಮೇಲೆ ಅಳಿಸುವುದು. ಇದು ನಮ್ಮ ಲೆಕ್ಕಾಚಾರ. ಕಾಗದವನ್ನು ನಾನು ನಮ್ಮ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದೂ ಹೇಳಿದ್ದೆ.

'ಬನ್ನಿ ಬನ್ನಿ ಸುನಂದಮ್ಮೋರೆ' ಎಂದು ಪುಟ್ಟಸ್ವಾಮಿಯವರು ಎದ್ದುನಿಂತು ಸ್ವಾಗತಿಸಿದರು. ಕಾಫಿ ಬಂತು, ಕೋಡುಬಳೆ ಬಂತು. ವಿಷಯ ಹೇಳಿದೆ. 'ಕೋಡ್ ತಾನೇ, ಕೊಡೋಣ. ನಾನೇನು ಬೇಡ ಅಂದ್ನಾ? ಓದಲಿ, ಬರೀಲಿ, ಒಳ್ಳೇದೇ. ನಾನು ಮೇಷ್ಟ್ರಾಗಿ ಬೇಡ ಅಂತೀನಾ' ಎಂದರು. ಮಾದೇವಮ್ಮ ತಮ್ಮ ಫೋನಿನಲ್ಲಿ ಸಂಖ್ಯೆ ಒತ್ತಿದರು. ಗಂಡನ ಜೇಬು ಕುಂಯ್ ಅಂದಿತು. ಕನ್ನಡಕ ಹಾಕಿಕೊಂಡು, ತರಗತಿಯಲ್ಲಿ ಉಕ್ತಲೇಖನ ಕೊಡುವ ಹಾಗೆ, ಒಂದೊಂದೇ ಅಂಕಿಯನ್ನು ನಿಲ್ಲಿಸಿ ನಿಲ್ಲಿಸಿ ಹೇಳಿದರು. ಆರೂ ಮುಗಿದ ಮೇಲೆ ತಮ್ಮ ಕುರ್ಚಿಯನ್ನು ಎಳೆದುಕೊಂಡು ಬಂದು ಹೆಂಡತಿಯ ಪಕ್ಕಕ್ಕೆ ಹಾಕಿಕೊಂಡು ಕೂತರು.

'ತೆಗಿ, ನೋಡೋಣ. ಮೇಡಂ ಎದುರಿಗೇ ನೋಡೋಣ. ಎಲ್ಲಿ ಏನೇನು ತಪ್ಪಿದೆ ಅಂತ ಹೇಳಿಕೊಡ್ತೀನಿ.'

'ಸಾರ್, ಅವರು ಒಬ್ಬರೇ ನೋಡ್ಕೊಳ್ಳಲಿ ಬಿಡಿ' ಅಂದೆ.

'ಗಂಡ ಹೆಂಡ್ತಿ ಮಧ್ಯೆ ಏನು ಮೇಡಂ ಅಂಥ ಮುಚ್ಚುಮರೆ?' ಎಂದು ನಕ್ಕರು. ನಾನು ಇನ್ನೂ ಏನಾದರೂ ಹೇಳಬಹುದಿತ್ತು. ಕೋಡುಬಳೆ ಮುರಿಯುತ್ತಾ ಕೂತೆ.

ಪರದೆಯ ಮೇಲೆ ಪುಸ್ತಕಗಳ ಪಟ್ಟಿ ತೆರೆದುಕೊಂಡಿತ್ತು. ಮಾದೇವಮ್ಮನ ಬೆರಳು ಅದರ ಮೇಲೆ ಮೆಲ್ಲಗೆ ಸರಿಯುತ್ತಾ ಹೋಯಿತು. ಆನೆಮರಿಯ ಚಿತ್ರ ಕಂಡಾಗ ಬೆರಳು ನಿಂತಿತು. ಪುಟ್ಟಸ್ವಾಮಿಯವರು ಬಗ್ಗಿ 'ಇದೇನಿದು, ಮಕ್ಕಳ ಕಥೇನೂ ಓದ್ತಿದೀಯಾ?' ಅಂದರು. ಅದನ್ನು ಮಾತ್ರ ಅಳಿಸಬೇಕಾದರೆ ತೆರೆಯಬೇಕು. ತೆರೆದರೆ ಮೊದಲ ಪುಟದಲ್ಲೇ ಹಳದಿ ಚೌಕ, ಚೌಕದಲ್ಲಿ ಆ ಹೆಸರು. ಅವರು ತೆರೆಯಲಿಲ್ಲ. ಪಟ್ಟಿಯ ಮೇಲ್ತುದಿಗೆ ಹೋಗಿ 'ಎಲ್ಲ ಟಿಪ್ಪಣಿಗಳನ್ನು ಅಳಿಸಿ' ಎಂಬ ಕಡೆ ಒತ್ತಿದರು. ಅದು ಖಚಿತವೇ ಎಂದು ಕೇಳಿತು, ಮತ್ತೆ ಮರಳಿ ಸಿಗುವುದಿಲ್ಲ ಎಂದಿತು. ಅವರು ಇನ್ನೊಮ್ಮೆ ಒತ್ತಿದರು. ಮೂರು ವರ್ಷದ್ದು ಹೋಗುವುದಕ್ಕೆ ನಾನು ಬಾಯಲ್ಲಿದ್ದ ಕೋಡುಬಳೆ ನುಂಗುವಷ್ಟು ಹೊತ್ತೂ ಹಿಡಿಯಲಿಲ್ಲ.

'ಯಾಕೆ ಅಳಿಸ್ಬಿಟ್ಟೆ? ಛೆ, ಚೆನ್ನಾಗಿ ಬರ್ದಿದ್ದೆ ಕಣೆ. ನಾನು ತಮಾಷೆಗೆ ನಕ್ಕಿದ್ದಪ್ಪ' ಎಂದರು ಪುಟ್ಟಸ್ವಾಮಿಯವರು. ಅವರಿಗೆ ನಿಜವಾಗಿಯೂ ಬೇಜಾರಾಗಿತ್ತು. 'ನೋಡಿ ಮೇಡಂ, ನಿಮ್ಮ ಲೈಬ್ರರಿಯೋರು ಎಷ್ಟು ಸುಲಭ ಮಾಡಿಕೊಟ್ಟಿದ್ದಾರೆ. ಇವಳಿಗೇ ಉಪಯೋಗಿಸೋಕೆ ಬರಲ್ಲ.'

ಮಾದೇವಮ್ಮ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.

ಹೊರಟಾಗ ಗೇಟಿನ ತನಕ ಬಂದರು. ಬೀದಿಯಲ್ಲಿ ಸೊಪ್ಪಿನ ಗಾಡಿಯವನು ಕೂಗುತ್ತಿದ್ದ. ನನಗೆ ಅವರ ಮುಖ ನೋಡಲಾಗಲಿಲ್ಲ. ಇದ್ದಕ್ಕಿದ್ದಂತೆ ಹೇಳಿಬಿಟ್ಟೆ. 'ಮಾದೇವಮ್ಮ, ಅದು ಕಂಪ್ಯೂಟರಿನ ತಪ್ಪಲ್ಲ. ಫಾರಂನಲ್ಲಿ ಆ ನಂಬರ್ ಬರೆದೋಳು ನಾನೇ. ಆಗ ನಿಮ್ಮ ಹತ್ರ ಫೋನು ಇರಲಿಲ್ಲವೇನೋ ಅಂತ...'

'ಇತ್ತು ಕಣಕ್ಕ' ಅಂದರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. 'ಅವತ್ತು ಕೈಯಲ್ಲೇ ಇಡ್ಕೊಂಡಿದ್ದೆ. ಮಗಳು ಹೊಸಾದು ಕೊಡ್ಸಿದ್ಲು. ಫಾರಂನಲ್ಲಿ ನಂಬರು ಕೇಳ್ತಾರೆ ಅಂತ ಬಸ್ಸಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡ್ಕೊಂಡು ಬಂದಿದ್ದೆ. ನೀವು ಯಜಮಾನ್ರದ್ದು ಹೇಳಿ ಅಂದ್ರಿ.'

ಇಷ್ಟು ವರ್ಷದ ಪರಿಚಯದಲ್ಲಿ ಅವರ ನಂಬರು ನನ್ನ ಫೋನಿನಲ್ಲೂ ಇಲ್ಲ ಎಂಬುದು ನನಗೆ ಆಗ ಹೊಳೆಯಿತು. ಅವಸರದಲ್ಲಿ ಚೀಲದಿಂದ ಫೋನು ತೆಗೆದೆ. 'ಈಗ ಹೇಳಿ ಮಾದೇವಮ್ಮ, ಬರ್ಕೋತೀನಿ' ಅಂದೆ.

'ಈಗ ಯಾತಕ್ಕಕ್ಕ' ಎಂದು ಅವರು ಗೇಟು ಹಾಕಿಕೊಂಡರು.